ಕ್ಯಾಮೆರಾಕ್ಕೆ ಹೊದಿಸಿದ ತಾಡಪತ್ರಿ

ಮನೆಗೊಂದು ಕ್ಯಾಮೆರಾ ಹಾಕಿಸುವುದರಲ್ಲಿ ತಪ್ಪಾಗುವುದಕ್ಕೆ ಏನಿದೆ? ಏನೂ ಇಲ್ಲವೆಂದೇ ನಾನು ನಂಬಿದ್ದೆ.

ಮಗಳು ಸುಧಾಳನ್ನು ರಾಣೆಬೆನ್ನೂರಿಗೆ ಕೊಟ್ಟ ಮೊದಲ ವರ್ಷ. ತವರಿನಿಂದ ವರ್ಷದ ಖಾರದಪುಡಿ ಹೋಗಬೇಕು. ಬ್ಯಾಡಗಿಯವರು ಬೀಗರಿಗೆ ಬಣ್ಣಗೆಟ್ಟ ಖಾರ ಕಳಿಸಿದರೆ ಮರ್ಯಾದೆ ಉಳಿಯುತ್ತದೆಯೇ? ಹೆಂಡತಿ ಗಿರಿಜಾ ಒಂದೊಂದೇ ಮೆಣಸಿನಕಾಯಿ ಆರಿಸಿ ಮಾಳಿಗೆಯ ಮೇಲೆ ಒಣಹಾಕಿದ್ದಳು. ಕಾವಲಿನ ಭಾರವನ್ನು ನಾನು ವಹಿಸಿಕೊಂಡೆ.

"ನೀ ಆರಾಮ ಇರು. ನಾ ಹಾವೇರಿ ಅಂಗಡ್ಯಾಗ ಕುಂತು ಫೋನಿನ್ಯಾಗ ನೋಡತೇನಿ. ಮೋಡ ಬಂದ್ರ ಹೇಳತೇನಿ."

"ಬ್ಯಾಡಗಿ ಮೋಡ ಹಾವೇರಿಂದ ನೋಡಬೇಕೇನ್ರಿ? ನನಗ ಕಣ್ಣಿಲ್ಲೇನು?"

ಮಾಳಿಗೆಯ ಮೇಲೆ ಕ್ಯಾಮೆರಾ ಕೂರಿಸಲು ಬಂದವನು, "ಮಳಿ, ಬಿಸಲು, ಧೂಳು, ಏನೂ ಆಗಂಗಿಲ್ರಿ. ಹೊರಗ ಇರಾಕಂತನ ಮಾಡಿದ್ದು," ಎಂದ. ನಾನು ಒಳಗೊಳಗೇ ನಕ್ಕೆ. ಮದುವೆಯಲ್ಲಿ ಮಾವ ಕೊಟ್ಟ ವಾಚಿನ ಬಗ್ಗೆಯೂ ಹೀಗೇ ಹೇಳಿದ್ದರು. ಅದು ಮೊದಲ ದೀಪಾವಳಿಯ ಎಣ್ಣೆಸ್ನಾನದ ನೀರಿಗೇ ಪ್ರಾಣ ಬಿಟ್ಟಿತ್ತು!

ಆದ್ದರಿಂದ ಆತ ಹೋದ ಮೇಲೆ ನಾನು ಸ್ವತಃ ಕಾರ್ಯಪ್ರವೃತ್ತನಾದೆ. ಮಾಳಿಗೆಯ ಮೂಲೆಯಲ್ಲಿ ದಪ್ಪ ಪ್ಲಾಸ್ಟಿಕ್ಕಿನ ಒಂದು ತಾಡಪತ್ರಿ ಮಡಚಿಟ್ಟಿತ್ತು. ಎರಡು ಬಿದಿರು ನಿಲ್ಲಿಸಿ, ಕ್ಯಾಮೆರಾದ ನೆತ್ತಿಯ ಮೇಲೆ ಚಪ್ಪರ ಹಾಕಿ, ಬಿಚ್ಚಲಾಗದ ಗಂಟು ಹಾಕಿದೆ. ಆ ತಾಡಪತ್ರಿ ಅಲ್ಲಿ ಯಾಕಿತ್ತು ಎಂದು ಮಾತ್ರ ಯೋಚಿಸಲಿಲ್ಲ.

ಮರುದಿನ ಮಧ್ಯಾಹ್ನ ಫೋನಿನಲ್ಲಿ ಆಕಾಶ ಕಪ್ಪಾಯಿತು. ಕ್ಯಾಮೆರಾದ ಸ್ಪೀಕರಿನಲ್ಲಿ ಕೂಗಿದೆ: "ಗಿರಿಜಾ! ಮಳಿ! ಲಗೂ ಬಾ!"

ಅವಳು ಓಡಿ ಬಂದಳು. ಮೂಲೆ ನೋಡಿದಳು. ಖಾಲಿ! ಆಮೇಲೆ ತಲೆಯೆತ್ತಿದಳು.

"ಇದಕ್ಕ್ಯಾಕ ಚಪ್ಪರ ಹಾಕೀರಿ?"

"ತೊಯ್ಯಬಾರದಂತ..."

"ಮತ್ತ ಮೆಣಸಿನಕಾಯಿ ತೊಯ್ದ್ರ ನಡೀತೈತೇನು?"

ಗಂಟು ಬಿಚ್ಚಲಾಗಲಿಲ್ಲ. ಕೊನೆಗೆ ಬಿದಿರನ್ನೇ ಕಿತ್ತೆಸೆದು, ತಾಡಪತ್ರಿ ಎಳೆದು ಕಾಯಿಗಳ ಮೇಲೆ ಹಾಸಿದಳು. ಅಂಚಿನಲ್ಲಿ ಉಳಿದವನ್ನು ಸೆರಗಿಗೆ ತುಂಬಿಕೊಂಡಳು. ಬರಿಮೈಯ ಕ್ಯಾಮೆರಾ ಸುರಿಯುವ ಮಳೆಯಲ್ಲಿ ನಿಂತು, ಅವಳು ತೊಪ್ಪೆಯಾಗುವುದನ್ನು ನನಗೆ ಅತ್ಯಂತ ಸ್ಪಷ್ಟವಾಗಿ ತೋರಿಸಿತು. ನಾನು ಬೆಚ್ಚಗೆ ಅಂಗಡಿಯಲ್ಲಿ ಕುಳಿತಿದ್ದೆ. ಬೈಯುತ್ತಾಳೆಂದು ಕಾದೆ. ಅವಳು ಮುಖ ಒರೆಸಿಕೊಂಡು ಹೇಳಿದಳು:

"ನಿಮ್ಮ ಛತ್ರಿ ಮನ್ಯಾಗ ಐತಿ. ಮಳಿ ನಿಂತ ಮ್ಯಾಲನ ಬಸ್ ಹತ್ರಿ."

ಕಾಯಿ ಮತ್ತೆ ಒಣಗಿದವು. ಬಣ್ಣ ಮಾತ್ರ ಮಂಕಾಯಿತು. ರಾಣೆಬೆನ್ನೂರಿನಲ್ಲಿ ಬೀಗತಿ ಖಾರದಪುಡಿಯ ಡಬ್ಬಿ ತೆರೆದಾಗ ನಾನು ನೆಲ ನೋಡಿದೆ. ಸುಧಾ ತಾಯಿಯ ಮುಖ ನೋಡಿದಳು.

"ಹಠಾತ್ತನ ಮಳಿ ಬಂತ್ರಿ," ಎಂದಳು ಗಿರಿಜಾ. "ನಮ್ಮನಿಯವ್ರ ಕ್ಯಾಮೆರಾ ಹಚ್ಚಿ ಭಾಳ ಕಾವಲು ಕಾದ್ರು. ಏನ ಮಾಡೂದು!"

"ಮಳಿಗೆ ಯಾರೇನ ಮಾಡ್ಯಾರು?" ಎಂದರು ಬೀಗತಿ. ನನ್ನ ಮಾನ ಉಳಿಯಿತು! ಹೆಂಡತಿಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

ಆಗ ಅಳಿಯ ಕೇಳಿದ: "ಮಾವಾರ, ಅಂಥಾ ಮಳ್ಯಾಗ ಕ್ಯಾಮೆರಾ ಕೆಡಲಿಲ್ಲೇನ್ರಿ?"

"ಕೆಡೂದಾ? ನೋಡ್ರಿಲ್ಲೆ, ಎಷ್ಟ ಸ್ಪಷ್ಟ ಬಂದೈತಿ!" ಎಂದು ಹುರುಪಿನಿಂದ ಆ ದಿನದ ವಿಡಿಯೋ ಹಚ್ಚಿ ಫೋನನ್ನು ಎಲ್ಲರ ನಡುವೆ ಇಟ್ಟೆ.

ಗಿರಿಜಾ ಕಣ್ಸನ್ನೆ ಮಾಡಿದಳು. ತಡವಾಗಿತ್ತು. ಅವಳು ಚಪ್ಪರ ಕೀಳುವುದು ಕಂಡಿತು. ಮೆಣಸಿನಕಾಯಿ ತೊಯ್ದದ್ದು ಕಂಡಿತು. "ತೊಯ್ಯಬಾರದಂತ" ಎಂಬ ನನ್ನ ದನಿಯೂ ಕೇಳಿತು!

ಬೀಗತಿ ಗಂಭೀರವಾಗಿ ನನ್ನ ಕಡೆ ತಿರುಗಿದರು. "ಅಣ್ಣಾರ, ಕ್ಯಾಮೆರಾ ಈಗ ಆರಾಮ ಐತೇನ್ರಿ? ನೆಗಡಿ-ಗಿಗಡಿ?"

ಕ್ಯಾಮೆರಾ ಆರಾಮವಾಗಿತ್ತು. ಬೆವರಿನಲ್ಲಿ ತೊಯ್ದು ಕೂತವನು ನಾನು!