ಟೆನಿಸ್ ನೋಡಲು ಹೊರಟ ಹುಡುಗಿ ಕಡೆಯವರು

ನಮ್ಮ ಮನೆಯವರೆಲ್ಲ ಒಳ್ಳೆ ಬಟ್ಟೆ ಹಾಕಿಕೊಂಡು ಒಟ್ಟಿಗೆ ಹೊರಗೆ ಹೊರಟರೆ ಏನಾದರೊಂದು ಆಗಿಯೇ ಆಗುತ್ತದೆ. ಯಾಕೆ ಎಂದು ಬಹಳ ಯೋಚಿಸಿದ್ದೇನೆ. ನಾನು ಬಿಎಸ್ಸಿ ಓದಿದವನು. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಲ್ಯಾಬಿನಲ್ಲಿ ಶೇಂಗಾ ಎಣ್ಣೆ ಪರೀಕ್ಷೆ ಮಾಡುತ್ತೇನೆ. ಎಲ್ಲದಕ್ಕೂ ಒಂದು ಕಾರಣ ಇರುತ್ತದೆ ಎಂದು ನಂಬಿದ್ದೇನೆ. ಇದಕ್ಕೆ ಮಾತ್ರ ಇನ್ನೂ ಸಿಕ್ಕಿಲ್ಲ.

ಈ ಸಲದ್ದು ತಂಗಿಯ ಟೆನಿಸ್. ಅವಳು ಪಿಯುಸಿ ಓದುತ್ತಾಳೆ. ಊರಿನ ಒಂದು ಕಾಲೇಜಿನ ಅಂಗಣದಲ್ಲಿ ಪಂದ್ಯಾವಳಿ ನಡೆದು ಇವಳು ಫೈನಲ್ಲಿಗೆ ಬಂದಳು. ಗೆದ್ದರೆ ರಾಜ್ಯಮಟ್ಟದ ಪಂದ್ಯ. ಸೋತರೆ ಮುಂದಿನ ವರ್ಷದವರೆಗೆ ಕಾಯಬೇಕು.

ಊಟಕ್ಕೆ ಕೂತಾಗ ಹೇಳಿದಳು: "ಎಲ್ರೂ ಬರ್ರಿ. ಆದ್ರೆ ಮದ್ವಿಗೆ ಬಂದಂಗೆ ಬರಬ್ಯಾಡ್ರಿ. ಜನ ನಿಮ್ಮನ್ನ ನೋಡಿ ನಕ್ರೆ ನನ್ನ ಗಮನ ಹೋಗ್ತೈತೆ. ಗಮನ ಹೋದ್ರೆ ಮ್ಯಾಚೂ ಹೋಗ್ತೈತೆ."

ಆಮೇಲೆ ನನ್ನ ಕಡೆ ತಿರುಗಿದಳು. "ಅಣ್ಣ, ಎಲ್ರ ಬಟ್ಟೆ ನಿನ್ನ ಜವಾಬ್ದಾರಿ. ನೋಡೋಕೆ ಚಂದ ಇರ್ಬೇಕು, ಬಿಸಿಲಿಗೆ ಹಿತ ಇರ್ಬೇಕು."

ಅಂಗಿಯ ಜ್ವರ

ಮೊದಲು ಪರೀಕ್ಷೆ. ಮಹಡಿಯ ಮೇಲೆ ತಂತಿಗೆ ಬಿಳಿ, ನೀಲಿ, ಕಪ್ಪು ಅಂಗಿಗಳನ್ನು ನೇತುಹಾಕಿದೆ. ಲ್ಯಾಬಿನಿಂದ ಕೇಳಿ ತಂದ ಥರ್ಮಾಮೀಟರನ್ನು ಒಂದೊಂದರ ಜೇಬಿನಲ್ಲಿ ಇಟ್ಟು, ಕಾದು, ತೆಗೆದು ನೋಡುತ್ತಿದ್ದೆ.

ಪಕ್ಕದ ಮಹಡಿಯಲ್ಲಿ ಹಪ್ಪಳ ಒಣಗಿಸುತ್ತಿದ್ದ ಆಂಟಿ ಸ್ವಲ್ಪ ಹೊತ್ತು ನೋಡಿದರು.

"ಏನಪ್ಪಾ, ಅಂಗಿಗೆ ಜ್ವರ ಬಂದೈತಾ?"

"ಇಲ್ಲ ಆಂಟಿ. ಯಾವ ಬಣ್ಣ ಜಾಸ್ತಿ ಬಿಸಿ ಆಗ್ತೈತೆ ಅಂತ ನೋಡ್ತಿದೀನಿ."

ಅವರು ತಲೆಯಾಡಿಸಿ ಕೆಳಗಿಳಿದರು. ಅರ್ಥವಾಯಿತಲ್ಲ ಎಂದುಕೊಂಡೆ. ಮತ್ತೆ ಮೇಲೆ ಬಂದಾಗ ಕೈಯಲ್ಲಿ ಗಂಡನ ಅಂಗಿ ಇತ್ತು.

"ಇದನ್ನೂ ಒಂದು ನೋಡಪ್ಪ. ಇದನ್ನ ಹಾಕ್ಕಂಡ ದಿನ ನಮ್ಮನೆಯವರು ಭಾಳ ಬಿಸಿ ಆಗಿರ್ತಾರೆ."

ಪೂರ್ತಿ ಬಿಳಿ

ಬಿಳಿ ಗೆದ್ದಿತು. ಬಿಳಿ ಪ್ಯಾಂಟು, ಬಿಳಿ ಅಂಗಿ, ಬಿಳಿ ಟೋಪಿ, ಬಿಳಿ ಕ್ಯಾನ್ವಾಸ್ ಶೂ ತಂದೆ. ನಡೆಯಲು ಹಿತವಾಗಿದೆಯೋ ಇಲ್ಲವೋ ನೋಡಬೇಕಲ್ಲ, ಬಸ್ ನಿಲ್ದಾಣದವರೆಗೆ ಹೋಗಿಬರೋಣ ಎಂದು ಹೊರಟೆ.

ಆಟೋದವರು ಎದ್ದು ನಿಂತು ದಾರಿ ಬಿಟ್ಟರು. ಒಳ್ಳೆಯ ಸೂಚನೆ ಎಂದುಕೊಂಡೆ. ಟೀ ಅಂಗಡಿಯಿಂದ ಒಬ್ಬ ಹಿರಿಯರು ಲೋಟ ಇಟ್ಟು ಬಂದು ನನ್ನ ಕೈ ಹಿಡಿದರು.

"ಬರ್ರಿ, ಬರ್ರಿ. ಹೋದ ಸಲ ಕೈ ಮುಗಿದು ಚರಂಡಿ ಮಾಡಿಸ್ತೀವಿ ಅಂದ್ರಿ. ಎಲ್ಲೈತೆ ಚರಂಡಿ?"

"ಅದು ನಾನಲ್ಲ ಯಜಮಾನ್ರೆ. ನಾನು ಟೆನಿಸ್ ನೋಡೋಕೆ ಅಂತ ಈ ಬಟ್ಟೆ ಹಾಕ್ಕಂಡಿದೀನಿ."

ಅವರು ಕೈ ಬಿಟ್ಟು ಸುತ್ತ ಇದ್ದವರ ಕಡೆ ತಿರುಗಿದರು.

"ನೋಡ್ರಪ್ಪ. ಹೋದ ಸಲದೋನು ಡೆಲ್ಲಿಗೆ ಹೋಗ್ಬೇಕು ಅಂದ. ಇವನು ಟೆನಿಸ್ ಅಂತಾನೆ."

ಬುತ್ತಿ ಚೀಲ

ಅಪ್ಪ ಪರಶುರಾಂಪುರದ ಕಡೆಯವರು. ಕುರಿ ಮಾರಿ ಚಳ್ಳಕೆರೆಗೆ ಬಂದು ಬಹಳ ವರ್ಷವಾಯಿತು. ಹೆಗಲ ಮೇಲಿನ ಕಂಬಳಿ ಮಾತ್ರ ಇಳಿದಿಲ್ಲ. ಅವರಿಗೆ ತೆಳು ಹತ್ತಿಯ ಅರ್ಧ ತೋಳಿನ ಅಂಗಿ ಆರಿಸಿದೆ.

"ಕಂಬಳಿ ಬ್ಯಾಡ ಅಪ್ಪ. ಉಣ್ಣೆ ಶಾಖ ಹಿಡಿತೈತೆ."

"ಕುರಿ ವರ್ಷಪೂರ್ತಿ ಅದನ್ನೇ ಹಾಕ್ಕಂಡಿರ್ತಾವೆ. ಯಾವತ್ತಾರ ಸೆಕೆ ಅಂದಾವಾ?"

"ಕುರಿ ಟೆನಿಸ್ ನೋಡೋಕೆ ಹೋಗಲ್ಲ ಅಪ್ಪ."

"ಯಾರು ಕರ್ಕಂಡು ಹೋಗ್ಯಾರೆ?"

ಕೊನೆಗೆ ಮಗಳಿಗೋಸ್ಕರ ಒಪ್ಪಿದರು. ಪಂದ್ಯದ ದಿನ ಹೆಗಲು ಖಾಲಿ ಇತ್ತು. ಕೈಯಲ್ಲಿದ್ದ ಬುತ್ತಿ ಚೀಲ ಮಾತ್ರ ದಿಂಬಿನಂತೆ ಉಬ್ಬಿತ್ತು.

"ಏನೈತೆ ಅದ್ರಾಗೆ?"

"ರೊಟ್ಟಿ," ಎಂದರು ಅಪ್ಪ.

ರೊಟ್ಟಿಯಿಂದ ಕುರಿಯ ವಾಸನೆ ಬರುತ್ತಿತ್ತು.

ಸಾದಾ ಸೀರೆ

ಅವ್ವನ ತಾಯಿ ಇರುವುದು ಮೊಳಕಾಲ್ಮುರಿನಲ್ಲಿ. ಅಲ್ಲಿ ಮಗ್ಗದ ಸದ್ದು ಕೇಳದ ಬೀದಿ ಕಡಿಮೆ. ಅಜ್ಜಿಯ ಬಾಯಲ್ಲಿ ಕನ್ನಡ ಅರ್ಧ, ತೆಲುಗು ಅರ್ಧ. ಮೊದಲೇ ಫೋನ್ ಮಾಡಿ ಹೇಳಿದ್ದೆ.

"ಅಜ್ಜಿ, ರೇಷ್ಮೆ ಬ್ಯಾಡ. ಸಾದಾ ಸೀರೆ ಉಟ್ಕಂಡು ಬಾ."

"ಅಟ್ಲಾಗೇ ನಾಯ್ನಾ, ಸಾದಾದೇ ಉಟ್ಕಂತೀನಿ."

ಪಂದ್ಯದ ದಿನ ಬಸ್ಸಿನ ಬಾಗಿಲು ತೆರೆಯಿತು. ಮೊದಲು ಜರಿಯ ಅಂಚು ಇಳಿಯಿತು, ಆಮೇಲೆ ಅಜ್ಜಿ ಇಳಿದರು. ಕೆಂಪು ರೇಷ್ಮೆ. ಸೆರಗಿನ ತುಂಬ ಜರಿ. ಬಿಸಿಲು ಬಿದ್ದು ಕಂಡಕ್ಟರ್ ಕಣ್ಣು ಮುಚ್ಚಿಕೊಂಡ.

"ಅಜ್ಜಿ, ಸಾದಾ ಅಂದಿದ್ನಲ್ಲ?"

"ಇದೇ ಸಾದಾ ರಾ. ನವಿಲು ಇರೋದು ಮನೇಲಿ ಬಿಟ್ಟು ಬಂದೀನಿ."

ರಂಗೋಲಿ

ಅವ್ವನಿಗೆ ಬಟ್ಟೆಯ ತೊಂದರೆ ಇರಲಿಲ್ಲ. ನಾನು ಹೇಳಿದ ಹತ್ತಿ ಸೀರೆಯನ್ನೇ ಉಟ್ಟಿದ್ದಳು. ಆದರೆ ಟೆನಿಸ್ ಅಂಗಣದ ಗೇಟಿನಲ್ಲಿ ನಿಂತುಬಿಟ್ಟಳು. ಒಳಗೆ ಹಸಿರು ಬಳಿದ ನೆಲ, ಅದರ ಮೇಲೆ ಬಿಳಿ ಗೆರೆ.

"ಇಷ್ಟು ಚಂದ ಸಾರಿಸಿ ಗೆರೆ ಹಾಕ್ಯಾರೆ. ಇದ್ರಾಗೆ ಚಪ್ಪಲಿ ಹಾಕ್ಕಂಡು ಹೋಗ್ತಾರೇನೋ?" ಎಂದು ಚಪ್ಪಲಿ ಬಿಟ್ಟಳು.

ಅಪ್ಪ ಬಿಟ್ಟರು. ಅಜ್ಜಿ ಬಿಟ್ಟರು. ನನ್ನ ಹೊಸ ಶೂವನ್ನೂ ಬಿಡಿಸಿದರು. ಹಿಂದೆ ಬಂದ, ಎದುರಾಳಿ ಹುಡುಗಿಯ ದಾವಣಗೆರೆಯ ಕುಟುಂಬ ಸಾಲು ನೋಡಿ ತಾನೂ ಬಿಟ್ಟಿತು. ಅವರನ್ನು ನೋಡಿ ಕಾಲೇಜಿನ ಹುಡುಗಿಯರು ಬಿಟ್ಟರು. ಗೇಟಿನಲ್ಲಿ ರಾಶಿ ಬಿತ್ತು.

ಕೊನೆಗೆ ಅಂಪೈರ್ ಬಂದರು. ರಾಶಿ ನೋಡಿದರು. ಆ ಕಡೆ ಈ ಕಡೆ ನೋಡಿದರು. ಬಗ್ಗಿ ಲೇಸು ಬಿಚ್ಚಿದರು.

ಎರಡು ಕಡೆ

ತಂಗಿ ಒಳಗಿನಿಂದ ನಮ್ಮನ್ನು ನೋಡಿದಳು. ಅಜ್ಜಿಯ ಸೀರೆ ನೋಡಿದಳು. ಕಣ್ಣು ಮುಚ್ಚಿ ಒಂದು ಸಲ ಉಸಿರು ಎಳೆದುಕೊಂಡಳು.

ಅಂಗಣದ ಎರಡೂ ತುದಿಗೆ ಬಲೆ ಬೇಲಿ. ಅದರಾಚೆ ಪ್ಲಾಸ್ಟಿಕ್ ಕುರ್ಚಿಗಳು. ನಾವು ತಂಗಿಯ ಬೆನ್ನ ಹಿಂದೆ ಕೂತೆವು. ಎದುರಾಳಿ ದಾವಣಗೆರೆಯ ಹುಡುಗಿ. ಅವಳ ಮನೆಯವರು ಆ ತುದಿಯಲ್ಲಿ ಕೂತಿದ್ದರು.

ಟೆನಿಸ್‌ನಲ್ಲಿ ಆಟಗಾರರು ಆಗಾಗ ಬದಿ ಬದಲಿಸಬೇಕು. ಮೊದಲ ಸಲ ಬದಲಿಸಿದಾಗಲೇ ಅಜ್ಜಿ ಎದ್ದರು.

"ಏಳ್ರಿ ಎಲ್ಲ."

"ಎಲ್ಲಿಗೆ ಅಜ್ಜಿ?"

"ನಮ್ಮ ಹುಡುಗಿ ಆ ಕಡೆ ಹೋದ್ಲು. ನಾವು ಇಲ್ಲೇ ಕೂತ್ರೆ ಗಂಡಿನ ಕಡೆಯವರು ಆಗಲ್ವಾ?"

"ಇದು ಮದುವೆ ಅಲ್ಲ ಅಜ್ಜಿ."

"ಮದ್ವಿ ಅಲ್ದಿದ್ರೆ ಎರಡು ಕಡೆ ಯಾಕೈತೆ?"

ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಎತ್ತಿಕೊಂಡೆ. ಬರಿಗಾಲು, ಕಾದ ಮಣ್ಣು. ಕುಣಿಯುತ್ತಾ ಆ ತುದಿಗೆ ಹೋದೆವು. ಮತ್ತೆ ಬದಿ ಬದಲಾಯಿತು, ಮತ್ತೆ ಎದ್ದೆವು. ನಮ್ಮನ್ನು ನೋಡಿ ದಾವಣಗೆರೆಯವರಿಗೂ ಏನೋ ತಪ್ಪು ಮಾಡುತ್ತಿದ್ದೇವೆ ಅನ್ನಿಸಿರಬೇಕು. ಅವರೂ ಎದ್ದರು. ನಡುದಾರಿಯಲ್ಲಿ ಎರಡು ಮೆರವಣಿಗೆ ಎದುರಾದವು.

"ಆರಾಮಾ?" ಎಂದಳು ಅವ್ವ.

"ಆರಾಮ್ರಿ," ಎಂದರು ಆ ಹುಡುಗಿಯ ತಾಯಿ.

ನಾವು ಯಾವಾಗಲೂ ತಂಗಿಯ ಹಿಂದೆ ಇದ್ದುದರಿಂದ ಎದುರಾಳಿಯ ಕಣ್ಣಿಗೆ ಯಾವಾಗಲೂ ಅಜ್ಜಿಯೇ ಬೀಳುತ್ತಿದ್ದರು. ಇದು ನನಗೆ ಹೊಳೆಯುವಷ್ಟರಲ್ಲಿ ಆ ಹುಡುಗಿ ಕೈಯಿಂದ ಮುಖ ಮರೆಮಾಡಿ ಅಂಪೈರನ್ನು ಕರೆದಳು. ಅಂಪೈರ್ ಬರಿಗಾಲಲ್ಲಿ ಓಡಿ ಬಂದರು.

"ಅಮ್ಮ, ನಿಮ್ಮ ಜರಿ ಆ ಹುಡುಗಿ ಕಣ್ಣಿಗೆ ಹೊಡೀತೈತೆ. ಏನಾರ ಮುಚ್ಕಳ್ರಿ. ಇಲ್ಲಾಂದ್ರೆ ಆಚೆ ಹೋಗ್ರಿ."

ಎಲ್ಲರೂ ನಮ್ಮನ್ನೇ ನೋಡಿದರು. ಯಾರೋ ಕಿಸಕ್ ಎಂದರು. ತಂಗಿ ಮುಂದಿನ ಎರಡೂ ಸರ್ವ್ ನೆಟ್ಟಿಗೆ ಹೊಡೆದಳು. ಅವಳು ಹೇಳಿದಂತೆಯೇ ಆಗುತ್ತಿತ್ತು.

ಆಗ ಅಪ್ಪ ಬುತ್ತಿ ಚೀಲ ಬಿಚ್ಚಿ ರೊಟ್ಟಿ ತೆಗೆದರು. ಕರಿ ರೊಟ್ಟಿ. ಬಿಡಿಸಿ ಅಜ್ಜಿಯ ತಲೆಯಿಂದ ಪಾದದವರೆಗೆ ಹೊದಿಸಿದರು.

ಆಟ ಮುಂದುವರಿಯಿತು. "ಯಾರು ಗೆಲ್ತಿದಾರೆ ರಾ?" ಎಂದು ಕಂಬಳಿಯೊಳಗಿನಿಂದ ದನಿ ಬರುತ್ತಿತ್ತು. ಸಮ ಸಮ ಎಂದೆ. ಮತ್ತೆ ಬದಿ ಬದಲಿಸುವ ಹೊತ್ತು ಬಂತು. ಕಂಬಳಿ ಎದ್ದಿತು. ತಾನೇ ತಾನಾಗಿ ಆ ತುದಿಗೆ ನಡೆಯತೊಡಗಿತು. ಬೇಲಿಗೆ ಡಿಕ್ಕಿ ಹೊಡೆದು, ತಿರುಗಿ, ದಾವಣಗೆರೆಯವರ ಮೆರವಣಿಗೆಯ ನಡುವೆ ನುಗ್ಗಿತು. ಅವರು ದಾರಿ ಬಿಟ್ಟರು. ಇಡೀ ಅಂಗಣ ನಕ್ಕಿತು. ಅಂಪೈರ್ ಎತ್ತರದ ಕುರ್ಚಿಯ ಮೇಲೆ ಮುಖ ತಿರುಗಿಸಿಕೊಂಡರು.

ತಂಗಿಯೂ ನಕ್ಕಳು, ಹೊಟ್ಟೆ ಹಿಡಿದುಕೊಂಡು. ಆಮೇಲೆ ಅವಳ ಕೈ ಹಗುರವಾಯಿತು. ಹೊಡೆದದ್ದೆಲ್ಲ ಗೆರೆಯೊಳಗೆ ಬಿತ್ತು. ಗೆದ್ದಳು.

ಗೆಳತಿಯರ ಗುಂಪಿನಿಂದ ಬಿಡಿಸಿಕೊಂಡು ಬಂದಾಗ ಕೇಳಿದೆ: "ನಮ್ಮಿಂದ ನಾಚಿಕೆ ಆಯ್ತಾ?"

"ಇಲ್ಲ ಅಣ್ಣ. ಅಜ್ಜಿ ಸೀರೆ ಎಲ್ರಿಗೂ ಇಷ್ಟ ಆಯ್ತು. ಅಪ್ಪನ ಕಂಬಳಿಗೆ ಚಪ್ಪಾಳೆ ಬಿತ್ತು. ನಿನ್ನ ಬಗ್ಗೆನೂ ಕೇಳಿದ್ರು."

ಬಿಳಿ ಟೋಪಿ ಸರಿ ಮಾಡಿಕೊಂಡೆ. "ಏನಂತ?"

"ಯೂನಿಫಾರಂ ಹಾಕ್ಕಂಡು ಕುರ್ಚಿ ಹೊತ್ಕಂಡು ಓಡಾಡ್ತಿದ್ನಲ್ಲ, ಯಾರವನು ಅಂತ."

"ನೀನೇನಂದೆ?"

"ಶಾಮಿಯಾನದೋನು ಅಂದೆ."