ಮೂವತ್ತೊಂದು ಮಂದಿಯ ಒಂದೇ ಗುಟ್ಟು

ಈಗ ಹೇಳಲು ಹೊರಟಿರುವುದು ನಿಜವಾಗಿ ಹೀಗೆಯೇ ನಡೆಯಿತೋ ಇಲ್ಲವೋ ನನಗೆ ಖಾತ್ರಿಯಿಲ್ಲ. ಅದು ಬರದ ಎರಡನೆಯ ವರ್ಷವೋ ಮೂರನೆಯದೋ ಎಂಬಲ್ಲಿಂದಲೇ ನನ್ನ ಅನುಮಾನ ಶುರುವಾಗುತ್ತದೆ. ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಕೂತು ನಾನು ಗಟ್ಟಿಯಾಗಿ ಕಲಿತದ್ದೆಂದರೆ ಯಾವುದನ್ನೂ ಸುಮ್ಮನೆ ನಂಬಬಾರದು ಎಂಬುದು. ಮೊದಮೊದಲು ಈ ವಿದ್ಯೆಯನ್ನು ಜಾತಕದ ಮೇಲೆ, ಪತ್ರಿಕೆಯ ಮೇಲೆ, ಮಾವನವರ ಬೇಟೆಯ ಕತೆಗಳ ಮೇಲೆ ಪ್ರಯೋಗಿಸುತ್ತಿದ್ದೆ. ವಯಸ್ಸಾದಂತೆ ಅದು ತಿರುಗಿ ನನ್ನ ನೆನಪಿಗೇ ಅಂಟಿಕೊಂಡಿದೆ. ಗೀಸರ್ ಆರಿಸಿದ್ದೇನೆಯೇ ಎಂದು ನೋಡಲು ಅರ್ಧ ದಾರಿಯಿಂದ ಮನೆಗೆ ಮರಳುತ್ತೇನೆ. ಬಂದ ಮೇಲೆ, ಯಾಕೆ ಬಂದೆ ಎಂದು ಹೆಂಡತಿಯನ್ನು ಕೇಳುತ್ತೇನೆ.

ಆಗ ನಾನು ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ, ಒಂದು ತೊಗರಿ ಅಡತಿ ಅಂಗಡಿಯ ಮೇಲಿನ ಎರಡು ಕೋಣೆಯ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ಕೆಳಗೆ ಹಮಾಲರು ಚೀಲ ಇಳಿಸಿದಾಗಲೆಲ್ಲ ಮೇಲೆ ನಮ್ಮ ಕೀಬೋರ್ಡಿನ ಮೇಲೆ ಒಂದು ಪದರ ಧೂಳು ಕೂರುತ್ತಿತ್ತು. ಮಳೆ ಕೈಕೊಟ್ಟ ವರ್ಷಗಳವು. ದಸರೆ ಮುಗಿಯುತ್ತಲೇ ಔರಾದ, ಭಾಲ್ಕಿ ಕಡೆಯ ಹಳ್ಳಿಗಳಿಂದ ಮಂದಿ ಪುಣೆಗೆ, ಹೈದರಾಬಾದಿಗೆ ದುಡಿಯಲು ಹೋಗುತ್ತಿದ್ದರು. ಮಕ್ಕಳ ಸಾಲೆ ತಪ್ಪಬಾರದೆಂದು ನಮ್ಮ ಸಂಸ್ಥೆ ಅವರನ್ನು ಭಾಲ್ಕಿಯ ಒಂದು ವಸತಿನಿಲಯದಲ್ಲಿ ಇಟ್ಟುಕೊಳ್ಳುತ್ತಿತ್ತು. ಮಗುವನ್ನು ಯಾರ ಕೈಗೆ ಒಪ್ಪಿಸಬಹುದು ಎಂಬುದನ್ನು ತಾಯಿತಂದೆ ದೂರದಿಂದಲೇ, ತಮ್ಮ ಪಾಸ್‌ವರ್ಡ್ ಹಾಕಿ, ಮೊಬೈಲಿನಲ್ಲಿ ನಮೂದಿಸಬೇಕು. ಆ ತಂತ್ರಾಂಶ ಬರೆದವನು ನಾನು. ಔರಾದದ ಕೇಂದ್ರದಲ್ಲಿ ಕೂತು ಹೆಸರು ನೋಂದಾಯಿಸುತ್ತಿದ್ದವರು ಶಹನಾಜ್ ಆಪಾ.

ಶುರುವಿನಲ್ಲಿ ಪಾಸ್‌ವರ್ಡುಗಳನ್ನು ಇದ್ದದ್ದು ಇದ್ದ ಹಾಗೆಯೇ ಬರೆದಿಟ್ಟಿದ್ದೆ. ಪುಣೆಯಿಂದ ಯಾರೋ ಫೋನ್ ಮಾಡಿ “ಆಪಾ, ನಂದೇನಿತ್ತರಿ?” ಎಂದರೆ ಆಪಾ ಪರದೆ ನೋಡಿ ಹೇಳಿಬಿಡುತ್ತಿದ್ದರು. ಇದನ್ನು ಕಂಡ ದಿನವೇ ಅದನ್ನು ನಿಲ್ಲಿಸಲು ನಿಶ್ಚಯಿಸಿದೆ. ಮೂರು ದಿನ ಕೂತು ಎಲ್ಲವನ್ನೂ ಹ್ಯಾಶ್ ಮಾಡಿದೆ. ಆಮೇಲೆ ಔರಾದಕ್ಕೆ ಹೋಗಿ ಆಪಾಗೆ ತಿಳಿಸಿ ಹೇಳಿದೆ: ಇದು ಹಿಟ್ಟಿನ ಗಿರಣಿ ಇದ್ದ ಹಾಗೆ. ಜೋಳ ಹಾಕಿದರೆ ಹಿಟ್ಟು ಬರುತ್ತದೆ, ಹಿಟ್ಟಿನಿಂದ ಜೋಳ ಬರುವುದಿಲ್ಲ. ನಾವು ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತೇವೆ. ಅವರು ಮತ್ತೆ ಬಂದಾಗ ಅವರ ಜೋಳವನ್ನು ಮತ್ತೆ ಬೀಸಿ, ಹಿಟ್ಟು ಒಂದೇ ಬಂತೇ ಎಂದು ನೋಡುತ್ತೇವೆ. ಇನ್ನು ಯಾರ ಗುಟ್ಟೂ ನಮಗೇ ಗೊತ್ತಾಗದು.

“ಛಲೋ ಆಯ್ತು ಬಿಡ್ರಿ,” ಅಂದರು ಆಪಾ. “ಇನ್ನ ಫೋನ್ ಬಂದ್ರ ನಿಮ್ಮ ನಂಬರೇ ಕೊಡ್ತೇನಿ.”

ಕೊಟ್ಟರು. ಒಂದು ವಾರ ನಾನು ತಿಂದ ಬೈಗುಳ ಇಷ್ಟಿಷ್ಟಲ್ಲ. “ನೀವೇ ಇಟ್ಕೊಂಡೀರಿ, ನಿಮಗೇ ಗೊತ್ತಿಲ್ಲಂದ್ರ ಹ್ಯಾಂಗ್ರಿ?” ಎಂದು ಒಬ್ಬರು. “ಹೊಸ ಸಾಹೇಬ ಬಂದಾನ, ಏನೂ ತಿಳಿಯಂಗಿಲ್ಲ, ಆಪಾನ್ನ ಕರೀರಿ,” ಎಂದು ಇನ್ನೊಬ್ಬರು, ನನಗೇ. ಗೊತ್ತಿಲ್ಲದಿರುವುದೇ ನನ್ನ ಸಾಧನೆ ಎಂದು ಅವರಿಗೆ ಹೇಗೆ ಹೇಳುವುದು? ಐದು ವರ್ಷದ ಓದಿನ ಫಲವಾಗಿ ಒಬ್ಬ ಮನುಷ್ಯ ಮೊದಲಿಗಿಂತ ಕಡಿಮೆ ತಿಳಿದವನಾಗಿದ್ದಾನೆ ಎಂಬುದನ್ನು ನಮ್ಮ ತಂದೆ ಮಾತ್ರ ಮೊದಲೇ ಗುರುತಿಸಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಪುಣೆಯಿಂದ ಸುಮಿತ್ರಾಬಾಯಿ ಎಂಬಾಕೆ ಫೋನ್ ಮಾಡಿದರು. ಕಟ್ಟಡ ಕೆಲಸಕ್ಕೆ ಹೋದವರು. ಮಗಳು ಪೂಜಾ ಭಾಲ್ಕಿಯಲ್ಲಿ ಏಳನೆಯ ತರಗತಿ.

“ಸರ್, ನಮ್ಮ ಭಾವ ಕಬ್ಬು ಕಡಿಯಾಕ ಹೊಂಟಾನ. ಅಡಿಗಿ ಮಾಡಾಕ ಪೂಜಾನ್ನ ಕರ್ಕೊಂಡು ಹೋಗ್ತೇನಿ ಅಂತಾನ. ನಾಳಿ ಹೋಗಿ ಬಿಡಿಸ್ಕೊಂಡು ಬರ್ತಾನಂತ. ಪರೀಕ್ಷಾ ಹೋಗ್ತದರಿ ಕೂಸಿಂದು. ಒಮ್ಮಿ ಸಾಲಿ ಬಿಟ್ರ ಮತ್ತ ಹೋಗಂಗಿಲ್ಲ ಅದು.”

“ನೀವು ಅವರ ಹೆಸರು ಹಾಕದೆ ನಿಲಯದವರು ಕಳಿಸುವುದಿಲ್ಲ, ಬಾಯಿ.”

“ನಾನೇ ಹಾಕ್ತೇನಿ ನಿನ್ನ ಪಾಸ್‌ವರ್ಡ್, ನನಗ ಗೊತ್ತದ ಅಂತಾನ್ರಿ.”

ನಾನು ನಕ್ಕೆ. ನಗಬಾರದಿತ್ತು. ಬರೆದವನಾದ ನನಗೇ ಗೊತ್ತಿಲ್ಲ, ನಿಮ್ಮ ಭಾವನಿಗೆ ಎಲ್ಲಿಂದ ಗೊತ್ತಾಗಬೇಕು ಎಂದು ಧೈರ್ಯ ಹೇಳಿ ಫೋನ್ ಇಟ್ಟೆ. ಇಟ್ಟ ಮೇಲೆ ಸಂಶಯ ಹತ್ತಿತು. ಆಪಾ ಹಳೆಯದನ್ನು ಎಲ್ಲಾದರೂ ಬರೆದಿಟ್ಟುಕೊಂಡು ಯಾರಿಗಾದರೂ ಹೇಳಿರಬಹುದೇ? ಔರಾದದ ಪಟ್ಟಿಯನ್ನು ಪ್ರಿಂಟ್ ತೆಗೆದು, ಸುರುಳಿ ಸುತ್ತಿ, ಬಸ್ಸು ಹತ್ತಿದೆ. ಊರಿನ ಗುಟ್ಟುಗಳನ್ನೆಲ್ಲ ಕಾಪಾಡಲು ಹೊರಟವನು ಅವನ್ನೆಲ್ಲ ಕಾಗದದ ಮೇಲೆ ಅಚ್ಚು ಹಾಕಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಿದ್ದೇನೆಂಬುದು ಆಗ ಹೊಳೆಯಲಿಲ್ಲ. ಹಿಟ್ಟು ತಾನೆ ಎಂಬ ಧೈರ್ಯ.

ಇಲ್ಲಿಂದ ನನ್ನ ನೆನಪಿಗೂ ಆಪಾ ಅವರ ನೆನಪಿಗೂ ಜಗಳ. ಬಸ್ಸಿನಲ್ಲಿ ಪಟ್ಟಿ ನೋಡುತ್ತ ನಾನೇ ದೋಷ ಕಂಡುಹಿಡಿದೆ ಎಂದು ನನ್ನ ನೆನಪು. ಹಾಗೆಂದು ಎರಡು ಸೆಮಿನಾರುಗಳಲ್ಲಿ ಹೇಳಿಯೂ ಇದ್ದೇನೆ. ಆಪಾ ಹೇಳುವುದು ಬೇರೆ. ನಾನು ಅವರ ಮೇಜಿನ ಮೇಲೆ ಪಟ್ಟಿ ಹರಡಿ, “ನೋಡಿ, ಇದರಲ್ಲಿ ಯಾರಿಗೆ ಏನು ತಿಳಿದೀತು?” ಎಂದು ಗರ್ವದಿಂದ ಕೇಳಿದೆನಂತೆ. ಅವರು ಕನ್ನಡಕ ಏರಿಸಿ, ಬಟ್ಟೆ ಅಂಗಡಿಯಲ್ಲಿ ಸೆರಗು ನೋಡುವ ಹಾಗೆ ನೋಡಿದರಂತೆ.

“ಇದೂ ಇದೂ ಒಂದೇ ಅದಲ್ರಿ,” ಅಂದರು. “ಇದೂ ಅದೇ. ಇಕಾ ಇದೂ.” ಹೆಸರು ಓದುತ್ತ, ಪೆನ್ಸಿಲಿನಿಂದ ಒಂದೊಂದಕ್ಕೆ ಗೀಟು ಹಾಕುತ್ತ ಹೋದರು. ಅರ್ಥವಿಲ್ಲದ ಉದ್ದುದ್ದ ಅಕ್ಷರಗಳ ಅದೇ ಸಾಲು, ಮೂವತ್ತೊಂದು ಹೆಸರಿನ ಮುಂದೆ.

“ಗುಲಾಬೋ ಇದು,” ಅಂದರು ಆಪಾ.

ಗುಲಾಬೋ ಅವರ ಮನೆಯ ಆಡು. ನಡೆದದ್ದು ಇಷ್ಟು. ನೋಂದಣಿಯ ಮೊದಲ ದಿನ ಸರತಿಯಲ್ಲಿ ಮೊದಲು ನಿಂತ ಹೆಂಗಸು, ಪಾಸ್‌ವರ್ಡ್ ಏನು ಹಾಕಲಿ ಎಂದು ಕೇಳಿದಾಗ, “ನೀವೇ ಏನಾರ ಹಾಕ್ರಿ ಆಪಾ,” ಎಂದಳು. ಆಪಾ ತಮ್ಮ ಆಡಿನ ಹೆಸರು ಹಾಕಿ, ಮರೆಯದಿರಲೆಂದು ಮೂರು ಸಲ ಗಟ್ಟಿಯಾಗಿ ಹೇಳಿದರು. ಎರಡನೆಯವರಿಗೆ ಬೇರೆ ಹಾಕಲು ಹೋದರೆ ತಕರಾರು. “ಅವರಿಗೊಂದು, ನಮಗೊಂದು ಯಾಕರಿ? ಅವರಿಗಿ ಹಾಕಿದ್ದೇ ನಮಗೂ ಹಾಕ್ರಿ.” ಬರದ ವರ್ಷಗಳಲ್ಲಿ ಟ್ಯಾಂಕರಿನ ಮುಂದೆ, ರೇಷನ್ ಅಂಗಡಿಯ ಮುಂದೆ ನಿಂತು ನಿಂತು ನಮ್ಮ ಮಂದಿಗೆ ಒಂದು ಮಾತು ರಕ್ತಕ್ಕೆ ಇಳಿದಿತ್ತು. ಮುಂದಿನವರಿಗೆ ಕೊಟ್ಟದ್ದನ್ನು ನಮಗೆ ಕೊಡಲಿಲ್ಲವೆಂದರೆ ನಡುವೆ ಏನೋ ಮೋಸವಿದೆ. ಹೊಸ ಪಾಸ್‌ವರ್ಡ್ ಕೊಟ್ಟರೆ ಅದು ಹಳಸಿದ ಮಾಲು. ಹೀಗೆ ಇಡೀ ಸಾಲು ಗುಲಾಬೋ ತೆಗೆದುಕೊಂಡು ಸಮಾಧಾನದಿಂದ ಮನೆಗೆ ಹೋಯಿತು. ಅದೇ ಸಾಲಿನಲ್ಲಿ ಸುಮಿತ್ರಾಬಾಯಿಯೂ ಅವರ ಭಾವನೂ ನಿಂತಿದ್ದರು.

ಹ್ಯಾಶ್ ಮಾಡುವ ಮೊದಲು ಒಬ್ಬೊಬ್ಬರ ಪಾಸ್‌ವರ್ಡಿಗೆ ಬೆರೆಸಬೇಕಾದ ಬೇರೆ ಬೇರೆ ಅಕ್ಷರಗಳಿಗೆ ‘ಸಾಲ್ಟ್’, ಅಂದರೆ ಉಪ್ಪು, ಎನ್ನುತ್ತಾರೆ; ಅದನ್ನು ಹಾಕದೆ ಬೀಸಿದ್ದರ ಫಲ ಕಣ್ಣ ಮುಂದಿತ್ತು. ತರಗತಿಯಲ್ಲಿ ಅದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಕೆಲಸದಲ್ಲಿ ಮರೆತಿದ್ದೆ. ಆಪಾಗೆ ಹೇಳಿದೆ: ಇನ್ನು ಬೀಸುವ ಮೊದಲು ಒಬ್ಬೊಬ್ಬರ ಜೋಳಕ್ಕೆ ಬೇರೆ ಬೇರೆ ಬಗೆಯ ಒಂದೊಂದು ಚಿಟಿಕೆ ಉಪ್ಪು ಬೆರೆಸುತ್ತೇನೆ, ಯಾರಿಗೆ ಯಾವ ಚಿಟಿಕೆ ಎಂದು ಪಕ್ಕದಲ್ಲೇ ಬರೆದಿಟ್ಟರೂ ಅಡ್ಡಿಯಿಲ್ಲ. ಆಗ ಒಂದೇ ಜೋಳದ ಹಿಟ್ಟೂ ಮೂವತ್ತೊಂದು ಬಗೆ ಕಾಣುತ್ತದೆ.

“ಹಿಟ್ಟು ಬ್ಯಾರೆ ಕಾಣ್ತದ, ಖರೆ,” ಅಂದರು ಆಪಾ. “ಆದ್ರ ಜ್ವಾಳ ಅದೇ ಅಲ್ರಿ? ಆ ಭಾವಗ ಹಿಟ್ಟು ಯಾಕ ಬೇಕು? ಜ್ವಾಳದ ಹೆಸರೇ ಗೊತ್ತದ ಅವಗ.”

ಐದು ವರ್ಷ ಪಾಠ ಮಾಡಿದ ಯಾವ ಪ್ರಾಧ್ಯಾಪಕರೂ ನನ್ನ ಬಾಯನ್ನು ಇಷ್ಟು ಸಂಕ್ಷೇಪವಾಗಿ ಮುಚ್ಚಿಸಿರಲಿಲ್ಲ. ಮೂವತ್ತೊಂದೂ ಪಾಸ್‌ವರ್ಡುಗಳನ್ನು ಆ ಕ್ಷಣವೇ ರದ್ದು ಮಾಡಿ, ಮೊದಲು ಸುಮಿತ್ರಾಬಾಯಿಗೆ ಫೋನ್ ಹಚ್ಚಿದೆವು. ದನಿ ಅವರದೇ ಎಂದು ಆಪಾ ಗುರುತಿಸಿದರು. ಒಂದೇ ಸಲ ನಡೆಯುವ ಒಂದು ಸಂಖ್ಯೆಯನ್ನು ನಾನು ಹೇಳಿದೆ. ಒಳಗೆ ಹೋಗಿ ನಿಮಗೊಬ್ಬರಿಗೇ ಗೊತ್ತಿರುವ ಒಂದು ಮಾತು ಹಾಕಿ, ಯಾರಿಗೂ ಹೇಳಬೇಡಿ ಎಂದೆ.

“ನಿಮಗೂ ಹೇಳಬಾರದಾ?”

“ಬೇಡ.”

“ಆಪಾಗ?”

“ಬೇಡ.”

“ನಮ್ಮ ಮನಿಯವ್ರಿಗಿ?”

“ಅವರಿಗೂ ಬೇಡ, ಬಾಯಿ.”

ಆ ಕಡೆ ಸಿಮೆಂಟು ಕಲಸುವ ಯಂತ್ರ ಸದ್ದು ಮಾಡುತ್ತಿತ್ತು. ಅದರ ನಡುವೆಯೇ ಅವರು ನಕ್ಕರು. “ನನಗ ಹಿಂಗ ಯಾರೂ ಹೇಳಿದ್ದಿಲ್ಲರಿ,” ಅಂದರು. “ತಡೀರಿ. ಘಡಿ ಹೊತ್ತು ಇಚಾರ ಮಾಡ್ತೇನಿ.”

ಮರುದಿನ ಭಾವ ಭಾಲ್ಕಿಗೆ ಹೋದ. ನಿಲಯದ ಮೇಲ್ವಿಚಾರಕಿಯ ಎದುರಿಗೇ ಮೊಬೈಲಿನಲ್ಲಿ ಐದಾರು ಸಲ ಒತ್ತಿ, “ನಿಮ್ಮ ಮಿಶಿನ್ ಕೆಟ್ಟದ,” ಎಂದು ಕೂಗಾಡಿ, ಒಬ್ಬನೇ ಬಸ್ಸು ಹತ್ತಿದ. ಪೂಜಾ ಪರೀಕ್ಷೆ ಬರೆದಳು. ಉಳಿದ ಮೂವತ್ತು ಮಂದಿಗೆ ಬೇರೆ ಬೇರೆ ಮಾತು ಹಾಕಿಸಲು ನನಗೂ ಆಪಾಗೂ ಹನ್ನೆರಡು ದಿನ ಹಿಡಿಯಿತು. “ಅವರು ಏನು ಹಾಕ್ಯಾರ, ಅದನ್ನ ಹೇಳ್ರಿ ಮೊದಲು,” ಎಂದೇ ಬಹಳಷ್ಟು ಮಂದಿ ಪಟ್ಟು ಹಿಡಿದರು.

ದೋಷ ಕಂಡದ್ದು ನನಗೋ ಆಪಾಗೋ ಎಂಬ ವಾದ ಮಾತ್ರ ವರ್ಷಗಟ್ಟಲೆ ಎಳೆಯಿತು. ನನ್ನದು ಸುಳ್ಳಾದರೆ ಸುಳ್ಳಾಗಲಿ ಎಂದು ಹೋದ ತಿಂಗಳು ಹಳೆಯ ಟ್ರಂಕು ತೆಗೆದು ಆ ಪ್ರಿಂಟನ್ನು ಹುಡುಕಿದೆ. ಸಿಕ್ಕಿತು. ಆಪಾ ಅವರ ಪೆನ್ಸಿಲ್ ಗೀಟುಗಳು ಹಾಗೇ ಇವೆ. ಎಣಿಸಿದೆ. ಮೂವತ್ತೆರಡು. ತಪ್ಪಿರಬೇಕೆಂದು ಎರಡನೆಯ ಸಲ ಎಣಿಸಿದೆ, ಆಮೇಲೆ ಹೆಂಡತಿಯಿಂದಲೂ ಎಣಿಕೆ ಮಾಡಿಸಿದೆ. ಮೂವತ್ತೊಂದನ್ನು ಅವರು ಅಂದು ಬಾಯಿಬಿಟ್ಟು ಓದಿದ್ದರು. ಅದೇ ಅಕ್ಷರಗಳಿದ್ದೂ ಓದದೆ ಬಿಟ್ಟ ಒಂದು ಸಾಲಿಗೂ ಅಷ್ಟೇ ಸಣ್ಣದಾಗಿ ಗೀಟು ಹಾಕಿದ್ದರು. ಆ ಸಾಲಿನಲ್ಲಿರುವುದು, ವ್ಯವಸ್ಥೆ ಹೇಗಿದೆ ನೋಡಲು ಮೊದಲ ದಿನ ಔರಾದದ ಸರತಿಯಲ್ಲಿ ನಿಂತು ನೋಂದಾಯಿಸಿಕೊಂಡ ನನ್ನ ಹೆಸರು.