ಕೈಯೊಳಗಿನ ಕವಡೆ

ಹೊಸ ವಿಷಯವೊಂದು ತಲೆಗೆ ಹೊಕ್ಕವನಿಗೆ ಎರಡು ಕಿವಿ ಬೇಕಾಗುತ್ತವೆ, ತನ್ನವಲ್ಲ, ಮತ್ತೊಬ್ಬರವು. ಸವದತ್ತಿಯ ಶಾಲಾ ಮಾಸ್ತರನಾದ ನನಗೆ ಹಿಂಡಲು ಕಿವಿಗಳು ಬೇಕಾದಷ್ಟು ಸಿಗುತ್ತವೆ, ಕೇಳಲು ಒಂದೂ ಇಲ್ಲ. ಧಾರವಾಡದ ಗೆಳೆಯನೊಬ್ಬ ಕೊಟ್ಟ ಮಾಸಿಕದಲ್ಲಿ ಕ್ವಾಂಟಮ್ ಎಂಬ ಹೊಚ್ಚ ಹೊಸ ಶಾಸ್ತ್ರದ ಬಗ್ಗೆ ಓದಿದಂದಿನಿಂದ ನನ್ನ ನೆಮ್ಮದಿ ಕೆಟ್ಟಿತು. ಯುರೋಪಿನ ಪಂಡಿತರು ಹೇಳುವುದಿಷ್ಟು: ಎಲೆಕ್ಟ್ರಾನ್ ಎಂಬ ಕಣ್ಣಿಗೆ ಕಾಣದ ಕಣ ಹೀಗಿದೆಯೋ ಹಾಗಿದೆಯೋ ಎಂಬುದು ನೋಡುವವರೆಗೂ ನಿಶ್ಚಯವಿಲ್ಲ. ನಮಗೆ ಗೊತ್ತಿಲ್ಲವೆಂದಲ್ಲ, ಅದಕ್ಕೇ ಇನ್ನೂ ನಿಶ್ಚಯವಾಗಿಲ್ಲ! ಹೆಡ್‌ಮಾಸ್ತರರಿಗೆ ಇದನ್ನು ವಿವರಿಸಿದೆ. "ಇನ್‌ಸ್ಪೆಕ್ಟರ್ ಸಾಹೇಬರು ಬರೂದೂ ಹಂಗ ಅಲ್ಲೇನ್ರಿ?" ಎಂದು ಅವರು ನಶ್ಯ ಏರಿಸಿದರು.

ಉಳಿದವಳು ಹೆಂಡತಿ ಗಿರಿಜಾ. ಅವಳಿಗೆ ತಿಳಿಯುವಂತೆ ಹೇಳಲು ಮಕ್ಕಳಾಟವೇ ಸರಿಯೆಂದು ಚೌಕಾಬಾರ ಹೂಡಿದೆ. ನೆಲದ ಮೇಲೆ ಮನೆ ಬರೆದು ಆಡತೊಡಗಿದಾಗ ಅವಳಿಗೂ ಖುಷಿಯಾಗಿತ್ತು. ಅವಳು ಕವಡೆ ಕುಲುಕುವ ಹೊತ್ತಿಗೆ ಅವಳ ಮುಷ್ಟಿಯನ್ನು ಹಿಡಿದುಕೊಂಡೆ. "ನೋಡು, ಈಗ ಇವು ಅಂಗಾತವೂ ಅಲ್ಲ, ಬೋರಲೂ ಅಲ್ಲ" ಎಂದು ಶುರುಮಾಡಿದೆ. ಅವಳ ಕೊನೆಯ ಕಾಯಿ ಹಣ್ಣಾಗಿ ಆಟ ಗೆಲ್ಲಲು ಒಂದೇ ಮನೆ ಬಾಕಿಯಿತ್ತು ಎಂಬುದನ್ನು ನಾನು ಗಮನಿಸಿರಲಿಲ್ಲ.

"ಕೈ ಬಿಡ್ರಿ. ಒಗದ್ರ ಗೊತ್ತಾಗತೈತಿ. ಆಟದಾಗೂ ನಿಮಗ ಪಾಠಾನ ಬೇಕೇನ್ರಿ?"

ನಾನು ಬಿಡಲಿಲ್ಲ. ರೊಟ್ಟಿ ಆರಿತು, ಪಲ್ಯ ಆರಿತು, ಆಟವೂ ಮುಗಿಯಿತು. ಅಷ್ಟರಲ್ಲಿ ಹೆಣ್ಣುಮಕ್ಕಳು ತವರಿಗೆ ಹೋಗುವ ನಾಗರ ಪಂಚಮಿ ಬಂತು. ಅವಳ ಅಣ್ಣ ಬಂದು ತಂಗಿಯನ್ನು ರಾಮದುರ್ಗಕ್ಕೆ ಕರೆದುಕೊಂಡು ಹೋದ. ಹಬ್ಬ ಮುಗಿಯಿತು, ಜೋಕಾಲಿ ಬಿಚ್ಚಿದರು, ಊರ ಸೊಸೆಯಂದಿರೆಲ್ಲ ಮರಳಿದರು. ಗಿರಿಜಾ ಬರಲಿಲ್ಲ.

ಒಬ್ಬನೇ ಇರುವ ಮನೆಯಲ್ಲಿ ಎಷ್ಟು ಸದ್ದು ಎಂಬುದು ನನಗೆ ಆಗಲೇ ಗೊತ್ತಾದದ್ದು. ತಂಬಿಗೆ ಇಟ್ಟರೆ ಸದ್ದು, ಉಗುಳು ನುಂಗಿದರೂ ಸದ್ದು. ಅನ್ನ ಬೇಯಿಸಿದರೆ ತಳಕ್ಕೆ ಕರಿ, ಮೇಲೆ ಅಕ್ಕಿ. ಸಂಜೆ ಬೇಸರ ತಾಳದೆ ನಾನೇ ಎರಡೂ ಕಡೆ ಕೂತು ಚೌಕಾಬಾರ ಆಡಿದೆ, ಅದರಲ್ಲೂ ಸೋತೆ. ಹೀಗೆ ಕವಡೆ ಕುಲುಕುತ್ತ ಕೂತಿದ್ದಾಗ ಮನೆಯ ಒಡತಿ, ಮುದುಕಿ ಗಂಗವ್ವ, ಬಾಗಿಲಲ್ಲಿ ನಿಂತಳು. ಎಲ್ಲಮ್ಮನ ಗುಡ್ಡದ ಕೆಳಗಿನ ಊರು ನಮ್ಮದು. ಒಂಟಿಯಾಗಿ ಕವಡೆ ಹಿಡಿದವನು ದೇವಿಯನ್ನು ಏನೋ ಕೇಳುತ್ತಿದ್ದಾನೆಂದೇ ಇಲ್ಲಿ ಅರ್ಥ. ಆಕೆ ಭಕ್ತಿಯಿಂದ ಸೆರಗು ಹೊದ್ದುಕೊಂಡು ಕೇಳಿದಳು, "ಅಮ್ಮ ಏನಂದ್ಲು, ಮಾಸ್ತರ? ಬರತಾಳಂತೇನು ಗಿರಿಜವ್ವ?"

ಕೊನೆಗೂ ಎರಡು ಕಿವಿ ಸಿಕ್ಕವು! "ಆಯೀ, ನೋಡುವವರೆಗೂ ಅವಳು ಬರುವವಳೂ ಹೌದು, ಬಾರದವಳೂ ಹೌದು" ಎಂದು ಇಡೀ ಶಾಸ್ತ್ರವನ್ನು ಹೇಳಿ ಮುಗಿಸಿದೆ. ಗಂಗವ್ವ ಪೂರ್ತಿ ಕೇಳಿದಳು.

"ನೀವು ಕರಿಯಾಕ ಹೋಗೀರೇನು?"

"ಇಲ್ಲ."

"ಗಂಡ ಕರಿಯಾಕ ಹೋಗದ ಯಾವ ಹೆಣ್ಮಗಳು ತವರಿಂದ ತಾನಾಗೇ ಬಂದಾಳ್ರಿ? ಕೈಯಾಗ ಹಿಡಕೊಂಡು ಕುಂತಾವ್ರು ನೀವ. ಕವಡಿಗೆ ಯಾಕ ಅಂತೀರಿ?"

ನನಗೆ ಆ ಪದ್ಧತಿ ಗೊತ್ತಿರಲಿಲ್ಲವೆಂದಲ್ಲ. ಹೋದಾಗ ಅವಳು ಒಲ್ಲೆನೆಂದರೆ? ಆ ಹೆದರಿಕೆಗೆ ನಾನು ಯುರೋಪಿನ ಹೆಸರಿಟ್ಟಿದ್ದೆ. ಹೋಗದೆ ಇರುವಷ್ಟು ದಿನ ಅರ್ಧ ಹೆಂಡತಿಯಾದರೂ ನನ್ನ ಪಾಲಿಗಿದ್ದಳು.

ಶನಿವಾರ ಶಾಲೆ ಬಿಟ್ಟೊಡನೆ ರಾಮದುರ್ಗದ ಮೋಟರು ಹತ್ತಿದೆ. ಕಾಲಿಗೆ ನೀರು ಕೊಡಲು ಬಂದ ಗಿರಿಜಾ ಮುಖ ಎತ್ತಲಿಲ್ಲ. ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತೆಲ್ಲ ಮರೆತು, "ಸಾಲ್ಯಾಗ ಕೆಲಸ ಭಾಳ ಇತ್ತು" ಎಂದೆ.

"ಇರಲಿ ಬಿಡ್ರಿ. ಪಂಚಮಿ ಮರುದಿನಾನ ಗಂಟು ಕಟ್ಟಿಟ್ಟೀನಿ. ಮೋಟರ್ ಸಪ್ಪಳಾದಾಗೊಮ್ಮೆ ಬಾಗಿಲಿಗೆ ಬಂದು ನೋಡಿ ನೋಡಿ ಸಾಕಾತು. ಅವ್ವ ನಗತಿದ್ಲು."

ಎಲೆಕ್ಟ್ರಾನಿನ ಮಾತು ಪಂಡಿತರಿಗಿರಲಿ. ನನ್ನ ಹೆಂಡತಿ ನಾನು ನೋಡುವ ಎಷ್ಟೋ ಮೊದಲೇ ನಿಶ್ಚಯವಾಗಿ ಬಾಗಿಲಲ್ಲಿ ನಿಂತಿದ್ದಳು. ಇಡೀ ಸಂಸಾರದಲ್ಲಿ ಹೀಗೂ ಅಲ್ಲದೆ ಹಾಗೂ ಅಲ್ಲದೆ ಇದ್ದದ್ದು ನಾನೊಬ್ಬನೇ.